ಹತ್ತನೇ ತರಗತಿಯ ಅಂಕಪಟ್ಟಿ ಅಂತಿಮ ತೀರ್ಪಲ್ಲ

ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ, 625ರ ಆಸುಪಾಸಿನಲ್ಲಿ ಅಂಕ ಗಳಿಸಿದ ಮಕ್ಕಳ ಭಾವಚಿತ್ರಗಳು ಪತ್ರಿಕೆಗಳಲ್ಲಿ ರಾರಾಜಿಸುತ್ತವೆ. ಅವರು ಅಭಿನಂದನಾರ್ಹರು, ಸಂದೇಹವಿಲ್ಲ. ಆದರೆ ಅದೇ ದಿನ 280 ಅಥವಾ 310 ಅಂಕ ಪಡೆದು ಮನೆಯ ಮೂಲೆ ಸೇರುವ ಮಕ್ಕಳಿದ್ದಾರೆ. ಅನೇಕ ಮನೆಗಳಲ್ಲಿ ಅವರ ಭವಿಷ್ಯ ಆ ಸಂಜೆಯೇ ನಿರ್ಧಾರವಾಗಿ ಬಿಡುತ್ತದೆ. ಹುಡುಗನಾದರೆ ಅಂಗಡಿಗೋ ಗ್ಯಾರೇಜಿಗೋ ಕಳುಹಿಸಲಾಗುತ್ತದೆ. ಹುಡುಗಿಯಾದರೆ, ಇನ್ನು ಓದಿದ್ದು ಸಾಕು ಎಂಬ ಮಾತು ಕೇಳಿಬರುತ್ತದೆ. ಹದಿನಾರು ತುಂಬದ ಮಗುವಿನ ಬಗ್ಗೆ ಇಷ್ಟೊಂದು ಅವಸರದ ತೀರ್ಪು ನೀಡುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ವಿಪರ್ಯಾಸವೇನೆಂದರೆ, ನಾವು ಮುಚ್ಚುತ್ತಿರುವ ಬಾಗಿಲನ್ನು ದೇಶದ ಪ್ರತಿಷ್ಠಿತ ವಿದ್ಯಾಸಂಸ್ಥೆಗಳು ಮುಚ್ಚಿಲ್ಲ. ಐಐಟಿ ಪ್ರವೇಶದ ರ್‍ಯಾಂಕಿಗೆ ಹತ್ತನೇ ತರಗತಿಯ ಅಂಕಗಳನ್ನು ಪರಿಗಣಿಸುವುದೇ ಇಲ್ಲ. ಅಲ್ಲಿ ಆ ಪ್ರಮಾಣಪತ್ರ ಬೇಕಾಗುವುದು ಜನ್ಮದಿನಾಂಕದ ದಾಖಲೆಯಾಗಿ. ವೈದ್ಯಕೀಯ ಸೀಟನ್ನು ನಿರ್ಧರಿಸುವುದು ನೀಟ್. ಕರ್ನಾಟಕದಲ್ಲಿ ಇಂಜಿನಿಯರಿಂಗ್ ರ್‍ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕಗಳನ್ನೂ ಸಿಇಟಿ ಅಂಕಗಳನ್ನೂ ಸಮಸಮವಾಗಿ ಪರಿಗಣಿಸಲಾಗುತ್ತದೆ. ದೆಹಲಿ ವಿಶ್ವವಿದ್ಯಾನಿಲಯದ ಕೆಲವು ಕಾಲೇಜುಗಳ ಕೆಲವು ಕೋರ್ಸುಗಳಲ್ಲಿ 2021ರಲ್ಲಿ ಹನ್ನೆರಡನೇ ತರಗತಿಯಲ್ಲಿ ಶೇ. 100 ಅಂಕ ಪಡೆದವರಿಗೆ ಮಾತ್ರ ಮೊದಲ ಪಟ್ಟಿಯಲ್ಲಿ ಸ್ಥಾನವಿತ್ತು. 2022ರಿಂದ ಅಲ್ಲಿ ಸಿಯುಇಟಿ ಎಂಬ ಪ್ರವೇಶ ಪರೀಕ್ಷೆ ಜಾರಿಗೆ ಬಂದಿದೆ. ಅದನ್ನು ಕನ್ನಡದಲ್ಲೂ ಬರೆಯಬಹುದು. ಪಿಯುಸಿ ಕಷ್ಟವೆನಿಸುವವರಿಗೆ ಇನ್ನೊಂದು ದಾರಿಯೂ ಇದೆ. ಎಸ್ಸೆಸ್ಸೆಲ್ಸಿಯ ಬಳಿಕ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಸಿಇಟಿ ಬರೆದು, ನೇರವಾಗಿ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಹೀಗಿರುವಾಗ, ಎಂಟು-ಒಂಬತ್ತನೇ ತರಗತಿಯಲ್ಲಿ ಎಡವಿದ ಮಗುವಿಗೆ ಎಲ್ಲವೂ ಮುಗಿಯಿತೆಂದು ಹೇಳುವುದು ಅಜ್ಞಾನವಲ್ಲದೆ ಇನ್ನೇನು?

ಹಾಗಂತ ಸುಳ್ಳು ಭರವಸೆಯನ್ನೂ ನಾವು ನೀಡಬಾರದು. ಅಂಕಗಳನ್ನು ಮರೆಯಬಹುದು, ಕಲಿಯದೆ ಬಿಟ್ಟ ಪಾಠವನ್ನು ಮರೆಯಲಾಗದು. ಭಿನ್ನರಾಶಿಯನ್ನೂ ಬೀಜಗಣಿತವನ್ನೂ ಅರ್ಥ ಮಾಡಿಕೊಳ್ಳದ ವಿದ್ಯಾರ್ಥಿಗೆ ಪಿಯುಸಿಯ ಭೌತಶಾಸ್ತ್ರ ಗೋಡೆಯಂತೆ ಎದುರಾಗುತ್ತದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಇಂಗ್ಲಿಷ್ ಪಠ್ಯಪುಸ್ತಕವೇ ಮೊದಲ ಪರೀಕ್ಷೆ. ಐಐಟಿಯ ಅರ್ಹತೆಗೆ ಸಾಮಾನ್ಯ ವರ್ಗದವರು ಹನ್ನೆರಡನೇ ತರಗತಿಯಲ್ಲಿ ಶೇ. 75 ಅಂಕವನ್ನಾದರೂ ಗಳಿಸಿರಬೇಕು, ಇಲ್ಲವೇ ತಮ್ಮ ಮಂಡಳಿಯ ಮೊದಲ ಶೇ. 20ರೊಳಗಿರಬೇಕು. ಮುಂದೆ ಉದ್ಯೋಗಕ್ಕೆ ಹೋದಾಗ, ಹತ್ತನೇ ತರಗತಿಯಲ್ಲೂ ಶೇ. 60 ಕೇಳುವ ಕಂಪೆನಿಗಳಿವೆ. ಆದ್ದರಿಂದ ಎಸ್ಸೆಸ್ಸೆಲ್ಸಿ ಪರೀಕ್ಷೆಗೂ ಪಿಯುಸಿ ತರಗತಿಗೂ ನಡುವಿನ ವಾರಗಳು ಅತ್ಯಮೂಲ್ಯ. ಆ ದಿನಗಳಲ್ಲಿ ಎಂಟನೇ ತರಗತಿಯ ಗಣಿತ ಪುಸ್ತಕವನ್ನು ಮತ್ತೆ ತೆರೆಯುವುದರಲ್ಲಿ ಅವಮಾನವೇನೂ ಇಲ್ಲ.

ಆದರೆ ಈ ಕೆಲಸವನ್ನು ಮಗು ಒಂಟಿಯಾಗಿ ಮಾಡಬೇಕೆಂದು ಬಯಸುವುದು ಎಷ್ಟು ಸರಿ? ಮಕ್ಕಳು ಹಿಂದುಳಿಯುವುದಕ್ಕೆ ಸೋಮಾರಿತನವೊಂದೇ ಕಾರಣವಲ್ಲ. ತಂದೆಯ ಕಾಯಿಲೆ, ಊರು ಬದಲಾವಣೆ, ಶಾಲೆಯಲ್ಲಿ ಗಣಿತ ಶಿಕ್ಷಕರ ಹುದ್ದೆ ಖಾಲಿಯಿರುವುದು, ಸಂಜೆ ದುಡಿಯಲೇಬೇಕಾದ ಅನಿವಾರ್ಯತೆ ಇವೆಲ್ಲ ಅಂಕಪಟ್ಟಿಯಲ್ಲಿ ನಮೂದಾಗುವುದಿಲ್ಲ. ಅನೇಕ ಖಾಸಗಿ ಪಿಯು ಕಾಲೇಜುಗಳು ತಮ್ಮ ಫಲಿತಾಂಶದ ಹೊಳಪಿಗಾಗಿ ಹೆಚ್ಚು ಅಂಕದವರನ್ನು ಮಾತ್ರ ಆರಿಸಿಕೊಳ್ಳುತ್ತವೆ. ಮೊದಲೇ ಚೆನ್ನಾಗಿ ಕಲಿತವರನ್ನು ಸೇರಿಸಿಕೊಂಡು ಚೆನ್ನಾಗಿ ಕಲಿಸಿದೆವೆಂದು ಜಾಹೀರಾತು ನೀಡುವುದರಲ್ಲಿ ಯಾವ ಸಾಧನೆಯಿದೆ?

ಈ ಪ್ರಶ್ನೆಯನ್ನು ನಾವು ನಮಗೂ ಕೇಳಿಕೊಳ್ಳಬೇಕಾಗಿದೆ. ನಮ್ಮ ಸಂಘ-ಸಂಸ್ಥೆಗಳು ನಡೆಸುವ ಪ್ರತಿಭಾ ಪುರಸ್ಕಾರಗಳಲ್ಲಿ ಶೇ. 90 ದಾಟಿದವರಿಗೆ ಶಾಲು, ಸ್ಮರಣಿಕೆ, ನಗದು ಸಿಗುತ್ತದೆ. ಒಂಬತ್ತನೇ ತರಗತಿಯಲ್ಲಿ ಶೇ. 40 ಇದ್ದು ಪಿಯುಸಿಯಲ್ಲಿ ಶೇ. 70 ಪಡೆದ ಹುಡುಗಿಯನ್ನು ಯಾವ ವೇದಿಕೆ ಕರೆದಿದೆ? ವಿದ್ಯಾರ್ಥಿವೇತನದ ಒಂದು ಪಾಲನ್ನು ಇಂಥವರಿಗೆ ಮೀಸಲಿಡಬಹುದು. ಸಮಾರಂಭದ ಖರ್ಚಿನ ಅರ್ಧದಷ್ಟರಲ್ಲಿ ಬೇಸಿಗೆಯಲ್ಲೊಂದು ಗಣಿತ ಮತ್ತು ಇಂಗ್ಲಿಷ್ ತರಗತಿ ನಡೆಸಬಹುದು. ಊರಿನ ಪದವೀಧರರು ಪ್ರವೇಶ ಪರೀಕ್ಷೆಗಳ ಅರ್ಜಿ ತುಂಬಲು ನೆರವಾಗಬಹುದು. ಕೊನೆಯ ದಿನಾಂಕ ತಿಳಿಯದೆ ಅವಕಾಶ ಕಳೆದುಕೊಂಡವರು ನಮ್ಮ ನಡುವೆಯೇ ಇದ್ದಾರೆ.

ತಡವಾಗಿ ಚಿಗುರುವ ಮರವನ್ನು ಯಾವ ರೈತನೂ ಮೊದಲ ವರ್ಷವೇ ಕಡಿಯುವುದಿಲ್ಲ. ಈ ಬಾರಿ ಫಲಿತಾಂಶದ ಸಂಜೆ ಕಡಿಮೆ ಅಂಕ ತಂದ ಮಗುವಿನ ಮುಂದೆ ಕುಳಿತಾಗ, 'ಎಷ್ಟು ಬಂತು' ಎಂಬ ಪ್ರಶ್ನೆಯ ಬದಲು 'ಎಲ್ಲಿ ಅರ್ಥವಾಗಲಿಲ್ಲ' ಎಂದು ಕೇಳೋಣ. ಮಗುವಿನ ಮುಂದಿನ ಎರಡು ವರ್ಷಗಳು ಆ ಉತ್ತರದಿಂದ ಆರಂಭವಾಗಲಿ.