ನಿದಾನಕ್ಕೆ ನಿಧಾನ ಬೇಕು



ನಿವೃತ್ತನಾದ ಮೇಲೆ ನಾನು ಕೈಗೆತ್ತಿಕೊಂಡ ಕೆಲಸಗಳಲ್ಲಿ, ನನ್ನ ಬಳಿ ಓದಿದವರೆಲ್ಲರ ವಿವರಗಳನ್ನು ಒಂದೆಡೆ ಕೂಡಿಸಿಡುವುದೂ ಒಂದು. ಹಳೆಯ ದಿನಚರಿಗಳಿಂದ, ಅಂಕಪಟ್ಟಿಯ ನಕಲುಗಳಿಂದ, ಉಳಿದದ್ದನ್ನು ನೆನಪಿನಿಂದ ಆಯ್ದು ಬರೆಯುತ್ತಿದ್ದೇನೆ. ಇದನ್ನು ಕಂಪ್ಯೂಟರಿನಲ್ಲಿ ಇಡಲು ನಿಮ್ಮಲ್ಲೊಬ್ಬನಾದ ಸಾಫ್ಟ್‌ವೇರ್ ಇಂಜಿನಿಯರ್ ನನಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶವನ್ನು ಪರಿಚಯಿಸಿದ. ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 1986ರಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ ಅವರ ನೇತೃತ್ವದಲ್ಲಿ ಆರಂಭವಾದ ಕೆಲಸವಿದು. 1996ರಲ್ಲಿ ಪೋಸ್ಟ್‌ಗ್ರೆಸ್‌ಕ್ಯೂಎಲ್ ಎಂಬ ಈಗಿನ ಹೆಸರು ಬಂತು. ಇದರ ಮೂಲಸಂಕೇತವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಈ ‘ತಿದ್ದಬಹುದು’ ಎಂಬ ಮಾತೇ ನನ್ನನ್ನು ಕೆಡಿಸಿತು.

ಪಟ್ಟಿಯ ಕಂಬಸಾಲುಗಳಿಗೂ ಕನ್ನಡದಲ್ಲೇ ಹೆಸರಿಡಬೇಕೆಂಬುದು ನನ್ನ ಹಟ. ‘ವಿದ್ಯಾರ್ಥಿಯ_ತಂದೆಯ_ಹೆಸರು’ ಎಂದು ಬರೆದೆ. ಯಂತ್ರವು ಒಂದು ಸೂಚನೆ ಕೊಟ್ಟು, ಕೊನೆಯ ಕೊಂಬನ್ನು ಕತ್ತರಿಸಿ ‘ಹೆಸರ’ ಎಂದು ಇಟ್ಟುಕೊಂಡಿತು. ಕಾರಣ ಸರಳವಾಗಿತ್ತು. ಹೆಸರಿಗೆ ಇಲ್ಲಿ 63 ಬೈಟುಗಳ ಮಿತಿಯಿದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನ ಯುಟಿಎಫ್-8 ಬರಹದಲ್ಲಿ ನಮ್ಮ ಒಂದೊಂದು ಅಕ್ಷರಕ್ಕೂ ಗುಣಿತಚಿಹ್ನೆಗೂ ಮೂರು ಬೈಟು ಬೇಕು. ನನ್ನ ಹೆಸರು 65 ಬೈಟಾಗಿತ್ತು. ಮೂಲಸಂಕೇತದ ಒಂದು ಹೆಡರ್ ಕಡತದಲ್ಲಿ 64 ಎಂದಿರುವುದನ್ನು 128 ಮಾಡಿ ಮತ್ತೆ ಕಂಪೈಲ್ ಮಾಡಿದರೆ ಮಿತಿ ಹಿಗ್ಗುತ್ತದೆ ಎಂದು ಶಿಷ್ಯ ಹೇಳಿದ.

ತಿದ್ದಿದೆವು. ‘ಮೇಕ್’ ಆಜ್ಞೆ ಕೊಟ್ಟರೆ ಏನೂ ಬದಲಾಗಲಿಲ್ಲ. ಹೆಸರುಗಳ ವ್ಯವಹಾರ ನಡೆಯುವುದೆಂದು ನಮಗೆ ತೋರಿದ ಒಂದೆರಡು ಕೋಶಗಳಲ್ಲಿ ಮಾತ್ರ ಹಳೆಯದನ್ನು ಅಳಿಸಿ ಮತ್ತೆ ಕಟ್ಟಿದೆವು. ಅನಂತರ ಹೊಸ ಡೇಟಾಬೇಸಿಗೆ ಅಡಿಪಾಯ ಹಾಕುವ ‘ಇನಿಟ್‌ಡಿಬಿ’ಯನ್ನು ಓಡಿಸಿದೊಡನೆ ಕ್ರ್ಯಾಶ್! ಸಿಗ್ನಲ್ 11, ಸೆಗ್ಮೆಂಟೇಶನ್ ಫಾಲ್ಟ್. ತನ್ನದಲ್ಲದ ನೆನಪಿನ ಜಾಗಕ್ಕೆ ಕಾರ್ಯಕ್ರಮವು ಕೈಹಾಕಿದಾಗ ಯಂತ್ರ ಅದನ್ನು ನಿಲ್ಲಿಸುವ ರೀತಿಯಿದು.

“ಸಾರ್, ಎಲ್ಲ ಅಳಿಸಿ ಮೊದಲಿಂದ ಹಾಕಿಬಿಡೋಣ, ಸರಿಹೋಗುತ್ತೆ” ಎಂದ ಶಿಷ್ಯ. ನಾನು ಒಪ್ಪಲಿಲ್ಲ. “ಯಾಕೆ ಬಿತ್ತು ಅಂತ ಹೇಳಪ್ಪಾ, ಆಮೇಲೆ ಅಳಿಸು” ಎಂದೆ.

ಬಿ.ಎಡ್. ಓದುವಾಗ ನೈದಾನಿಕ ಪರೀಕ್ಷೆ, ಪರಿಹಾರ ಬೋಧನೆ ಎಂಬ ಪಾಠವೊಂದಿತ್ತು. ಮಗು ಎಲ್ಲಿ, ಏಕೆ ತಪ್ಪುತ್ತಿದೆ ಎಂದು ಮೊದಲು ತಿಳಿ, ಪರಿಹಾರ ಆಮೇಲೆ. ಪರೀಕ್ಷೆಗಾಗಿ ಅದನ್ನು ಬಾಯಿಪಾಠ ಮಾಡಿದ್ದೆ. ತರಗತಿಯಲ್ಲಿ ಎಷ್ಟು ಸಲ ಪಾಲಿಸಿದೆ ಎಂಬುದು ಬೇರೆ ಮಾತು.

ಅಳಿಸುವ ಚಟ ಶಿಷ್ಯನಿಗೆ ಮಾತ್ರವಲ್ಲ, ಇನಿಟ್‌ಡಿಬಿಗೂ ಇದೆ. ಕೆಲಸ ಕೆಟ್ಟರೆ ಅದು ತಾನು ಸೃಷ್ಟಿಸಿದ ಕಡತಗಳನ್ನೆಲ್ಲ ತಾನೇ ಗುಡಿಸಿಹಾಕುತ್ತದೆ. ಅವುಗಳೊಂದಿಗೆ ಸಾಕ್ಷ್ಯವೂ ಹೋಗುತ್ತದೆ. ಹಾಗೆ ಗುಡಿಸದಿರಲೆಂದೇ ‘ನೋ-ಕ್ಲೀನ್’ ಎಂಬ ಆಯ್ಕೆಯಿದೆ. ಅದನ್ನು ಕೊಟ್ಟೆವು. ಬಿದ್ದ ಕ್ಷಣದ ನೆನಪಿನ ಚಿತ್ರವಾದ ‘ಕೋರ್’ ಕಡತ ಉಳಿಯುವಂತೆ ಅದರ ಗಾತ್ರದ ಮಿತಿಯನ್ನು ತೆಗೆದೆವು. ಆ ಕಡತವನ್ನು ಜಿಡಿಬಿ ಎಂಬ ಉಪಕರಣದಲ್ಲಿ ತೆರೆದಾಗ, ಯಾವ ಕಾರ್ಯ ಯಾವುದನ್ನು ಕರೆದು ಎಲ್ಲಿ ಬಿದ್ದಿತೆಂಬ ಸರಪಳಿ ಸಾಲಾಗಿ ಕಂಡಿತು. ಹೆಸರನ್ನು ಹೊತ್ತ ದಾಖಲೆಯೊಂದನ್ನು ಓದುವಲ್ಲಿಯೇ ಅದು ಮುಗ್ಗರಿಸಿತ್ತು.

ಆಗ ವಿಷಯ ಹೊಳೆಯಿತು. ಹೆಡರ್ ಕಡತ ಬದಲಾದರೆ ಅದನ್ನು ಆಶ್ರಯಿಸಿದ ಭಾಗಗಳೆಲ್ಲ ತಾವಾಗಿ ಮತ್ತೆ ಕಟ್ಟಿಕೊಳ್ಳಬೇಕಾದರೆ ‘ಎನೇಬಲ್-ಡಿಪೆಂಡ್’ ಎಂಬ ಆಯ್ಕೆಯನ್ನು ಮೊದಲೇ ಕೊಟ್ಟಿರಬೇಕು. ನಾವು ಕೊಟ್ಟಿರಲಿಲ್ಲ. ಆದ್ದರಿಂದ ಕೆಲವು ಭಾಗಗಳು ಹೆಸರಿಗೆ 128 ಬೈಟು ಎಂದು ನಂಬಿದ್ದವು, ಉಳಿದವು ಇನ್ನೂ 64 ಎಂದೇ ನಂಬಿದ್ದವು. ಹೆಸರಿನ ಮುಂದಿನ ಮಾಹಿತಿಯನ್ನು ಒಬ್ಬರು ಇಟ್ಟದ್ದು ಒಂದೆಡೆ, ಇನ್ನೊಬ್ಬರು ಹುಡುಕಿದ್ದು ಇನ್ನೊಂದೆಡೆ.

ಇದನ್ನು ತಿಳಿದಾಗ ನನಗೆ ಹಳೆಯದೊಂದು ನೆನಪಾಯಿತು. ಎಂಟನೆಯ ತರಗತಿಯ ಗಣಿತದ ಪುಸ್ತಕ ಬದಲಾದ ವರ್ಷ. ‘ಇಂಥ ಪುಟದ ಐದು ಲೆಕ್ಕ ಮಾಡಿಕೊಂಡು ಬನ್ನಿ’ ಎಂದು ಹೇಳಿ ಕಳುಹಿಸಿದ್ದೆ. ಒಬ್ಬ ಹುಡುಗ ದಿನವೂ ಬೇರೆಯೇ ಲೆಕ್ಕಗಳನ್ನು ಮಾಡಿ ತರುತ್ತಿದ್ದ. ಉಡಾಫೆಯೆಂದು ತಿಳಿದು ಸೊನ್ನೆ ಹಾಕಿದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಅವನ ಬಳಿ ಇದ್ದದ್ದು ಅಣ್ಣನ ಹಳೆಯ ಪುಸ್ತಕವೆಂದು ತಿಳಿದದ್ದು ತಿಂಗಳ ಮೇಲೆ, ಅವನ ತಾಯಿಯ ಬಾಯಿಂದ. ಪುಸ್ತಕವನ್ನು ಒಮ್ಮೆ ಕೈಗೆತ್ತಿಕೊಂಡು ನೋಡಲು ಅರ್ಧ ನಿಮಿಷ ಸಾಕಾಗಿತ್ತು. ಅವನು ಈ ಬರಹವನ್ನು ಓದುತ್ತಾನೆಂದು ಬಲ್ಲೆ. ಆಗ ಹೇಳದ ಮಾತನ್ನು ಈಗ ಹೇಳುತ್ತೇನೆ: ತಪ್ಪು ನನ್ನದು.

ಕೊನೆಗೆ ಹಳೆಯದನ್ನೆಲ್ಲ ಅಳಿಸಿಯೇ ಕಟ್ಟಿದೆವು. ‘ಮೇಕ್ ಚೆಕ್’ ಎಂಬ ಪರೀಕ್ಷೆಯನ್ನೂ ಓಡಿಸಿ ನೋಡಿದ ಮೇಲೆಯೇ ಅನುಸ್ಥಾಪಿಸಿದೆವು. “ನಾನು ಮೊದಲೇ ಇದನ್ನೇ ಹೇಳಿದ್ದೆನಲ್ಲಾ ಸಾರ್” ಎಂದು ಶಿಷ್ಯ ನಕ್ಕ. ನಿಜ, ಅವನ ಮದ್ದೇ ಗುಣ ಮಾಡಿತು. ಆದರೆ ರೋಗದ ಹೆಸರು ತಿಳಿಯದೆ ಮದ್ದು ಕುಡಿದಿದ್ದರೆ, ಮುಂದಿನ ಸಲ ಹೆಡರ್ ತಿದ್ದಿದಾಗ ಮತ್ತೆ ಅಲ್ಲೇ ಬೀಳುತ್ತಿದ್ದೆವು. ಉತ್ತರ ಸರಿಯಿದ್ದು ಹಂತಗಳಿಲ್ಲದ ಲೆಕ್ಕಕ್ಕೆ ನಾನು ಪೂರ್ಣಾಂಕ ಕೊಟ್ಟವನಲ್ಲವೆಂಬುದು ನಿಮಗೆ ಗೊತ್ತೇ ಇದೆ.

ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಯಂತ್ರ ನಿಂತರೆ ಮೂರು ದಿನ ಸರಪಳಿ ಓದುತ್ತ ಕೂರಲಾಗದು, ಒಪ್ಪುತ್ತೇನೆ. ಅಲ್ಲಿ ಮೊದಲು ಸೇವೆ ನಡೆಯಲಿ. ಆದರೂ ಅಳಿಸುವ ಮುನ್ನ ಕೋರ್ ಕಡತ, ಲಾಗ್, ಕಟ್ಟುವಾಗ ಕೊಟ್ಟ ಆಯ್ಕೆಗಳು, ಇವುಗಳ ಪ್ರತಿ ತೆಗೆದಿಡಲು ಹೆಚ್ಚು ಹೊತ್ತು ಹಿಡಿಯದು. ತಿದ್ದುವಾಗ ಒಂದು ಸಲಕ್ಕೆ ಒಂದನ್ನೇ ತಿದ್ದಿ.

ನಿದಾನವೆಂದರೆ ರೋಗದ ಮೂಲವನ್ನು ಗುರುತಿಸುವುದು. ಮಹಾಪ್ರಾಣ ಸೇರಿದರೆ ನಿಧಾನ. ಉಕ್ತಲೇಖನದಲ್ಲಿ ಇವೆರಡನ್ನೂ ಅದಲುಬದಲು ಮಾಡಿದವರ ಅಂಕ ಕಳೆಯುತ್ತಿದ್ದೆ. ಈಗ ಅನಿಸುತ್ತದೆ, ಒಂದಿಲ್ಲದೆ ಇನ್ನೊಂದು ನಡೆಯದು.

ಇಷ್ಟೆಲ್ಲ ಕೇಳಿದ ನನ್ನ ಮನೆಯವರು, “ಸುಮ್ಮನೆ ‘ತಂದೆ’ ಅಂತ ಬರೆದಿದ್ದರೆ ಆಗುತ್ತಿರಲಿಲ್ಲವೇ?” ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಇಂತಿ,
ನಿಮ್ಮ ಮೇಷ್ಟ್ರು