ಮೊಬೈಲ್ ಜೂಜಿಗೆ ಯಾರ ಕಡಿವಾಣ?

ಮೈಸೂರಿನ ದೇವರಾಜ ಮೊಹಲ್ಲಾದ ನಿವಾಸಿಯೊಬ್ಬರು ಚಾಮುಂಡಿ ಬೆಟ್ಟದ ತಪ್ಪಲಿನ ರೇಸ್‌ಕೋರ್ಸ್‌ಗೆ ಹೋಗಿ ಕುದುರೆಯ ಮೇಲೆ ನೂರು ರೂಪಾಯಿ ಕಟ್ಟಿದರೆ ಅದು ಕಾನೂನುಬದ್ಧ. ಅದೇ ನೂರನ್ನು ಮಾರ್ಕೆಟ್ ಬಳಿಯ ಲಾಡ್ಜಿನಲ್ಲಿ ಬುಕ್ಕಿಯ ಕೈಗಿಟ್ಟು ಐಪಿಎಲ್ ಪಂದ್ಯದ ಮೇಲೆ ಕಟ್ಟಿದರೆ ಅಪರಾಧ. ಗುಂಡ್ಲುಪೇಟೆ ದಾಟಿ ಕೇರಳದ ಸುಲ್ತಾನ್ ಬತ್ತೇರಿಯಲ್ಲಿ ಲಾಟರಿ ಟಿಕೆಟ್ ಕೊಂಡರೆ ಮತ್ತೆ ತಕರಾರಿಲ್ಲ. ಲಾಟರಿಯನ್ನು 2007ರಲ್ಲೇ ನಿಷೇಧಿಸಿದ ಕರ್ನಾಟಕದ ಮಂಡ್ಯ ಜಿಲ್ಲೆಗೆ 2024ರಲ್ಲಿ ಕೇರಳದ ಓಣಂ ಬಂಪರಿನ 25 ಕೋಟಿ ಬಂತು.

ಜೂಜು ಮತ್ತು ಬಾಜಿ ಸಂವಿಧಾನದ ರಾಜ್ಯ ಪಟ್ಟಿಯ 34ನೇ ನಮೂದಿನಲ್ಲಿವೆ. ಸರ್ಕಾರಿ ಲಾಟರಿ ಕೇಂದ್ರ ಪಟ್ಟಿಯಲ್ಲಿದೆ. ನಮ್ಮ ರಾಜ್ಯದ 1963ರ ಪೊಲೀಸ್ ಕಾಯ್ದೆ ಜೂಜನ್ನು ಶಿಕ್ಷಿಸುತ್ತದೆ, ಕೌಶಲದ ಆಟವನ್ನು ಬಿಡುತ್ತದೆ. ರಮ್ಮಿಯನ್ನು 1967ರಲ್ಲಿ, ಕುದುರೆ ರೇಸನ್ನು 1996ರಲ್ಲಿ ಸುಪ್ರೀಂ ಕೋರ್ಟ್ ಕೌಶಲದ ಸಾಲಿಗೆ ಸೇರಿಸಿತು. 2021ರಲ್ಲಿ ರಾಜ್ಯ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯಾಂಶಗಳನ್ನು ರದ್ದುಮಾಡಿತು. 2025ರ ಆಗಸ್ಟಿನಲ್ಲಿ ಸಂಸತ್ತು ಕೌಶಲ, ಅದೃಷ್ಟಗಳ ಭೇದವೆಣಿಸದೆ ಅಂಥ ಆಟಗಳನ್ನೆಲ್ಲ ದೇಶಕ್ಕೇ ಅನ್ವಯಿಸುವಂತೆ ನಿಷೇಧಿಸಿತು.

ಕೇಂದ್ರದ ವಾದ ಹಗುರವಾದುದಲ್ಲ. ಮೊಬೈಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಮೈಸೂರಿನಲ್ಲಿ ಆಡುವವರ ಹಣ ಎಲ್ಲೋ ಇರುವ ಖಾತೆಗೆ ಸೇರುವಾಗ ಠಾಣೆಯ ಪೊಲೀಸರು ಯಾವ ಅಡ್ಡೆಗೆ ದಾಳಿ ಮಾಡಬೇಕು? ಆಡಿದವರನ್ನು ಬಿಟ್ಟು ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ ಎಂದಿರುವುದೂ ವಿವೇಕದ ಮಾತೇ.

ಎದುರು ವಾದವೂ ಅಷ್ಟೇ ಗಟ್ಟಿ. ರಾಜ್ಯಕ್ಕೆ ಬಿಟ್ಟ ವಿಷಯವನ್ನು ‘ಆನ್‌ಲೈನ್’ ಎಂಬ ಕಾರಣಕ್ಕೆ ಕೇಂದ್ರ ಎತ್ತಿಕೊಳ್ಳಬಹುದಾದರೆ, ನಾಳೆ ಮೊಬೈಲಿಗೆ ಬರುವ ಯಾವ ರಾಜ್ಯ ವಿಷಯ ಉಳಿದೀತು? ಕೌಶಲದ ಆಟ ನಡೆಸುವುದು ಸಂವಿಧಾನ ರಕ್ಷಿಸುವ ವ್ಯಾಪಾರ ಎಂದೇ 2022ರ ತೀರ್ಪು ಹೇಳಿತ್ತು. ತೆರಿಗೆ ಕಟ್ಟಿ, ಗುರುತು ಪರಿಶೀಲಿಸುತ್ತಿದ್ದ ಬೆಂಗಳೂರಿನ ಕಂಪನಿಗಳ ಬಾಗಿಲು ಮುಚ್ಚುವುದು ಸುಲಭ. ವಿದೇಶಿ ಬೆಟ್ಟಿಂಗ್ ತಾಣಗಳದ್ದು ಕಷ್ಟ. ದಶಕಗಳ ನಿಷೇಧದ ನಡುವೆಯೂ ಮಟ್ಕಾ ಬದುಕಿದೆಯಲ್ಲ!

ಆದರೆ ಕೌಶಲದ ಅಳತೆಗೋಲೂ ಹಳತಾಗಿದೆ ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ. 1967ರ ತೀರ್ಪಿನ ರಮ್ಮಿ ಕ್ಲಬ್ಬಿನ ಮೇಜಿನ ಸುತ್ತ ಕೂತು ಆಡಿದ್ದು. ಕ್ಲಬ್ಬಿಗೆ ಬಾಗಿಲು ಹಾಕುವ ಹೊತ್ತಿರುತ್ತದೆ. ಆಪ್‌ಗೆ ಅದಿಲ್ಲ, ಜೊತೆಗೆ ಯಾರು ಗೆದ್ದರೂ ಅದು ತನ್ನ ಪಾಲು ಮುರಿದುಕೊಳ್ಳುತ್ತದೆ. ಆಟದಲ್ಲಿ ಬುದ್ಧಿಗೆ ಕೆಲಸವಿದೆಯೇ ಎಂದು ಆ ರಮ್ಮಿ ತೀರ್ಪು ಕೇಳಿತು. ಆಡುವವರು ಎಷ್ಟು ಬೇಗ, ಎಷ್ಟು ಸೋಲುತ್ತಾರೆ ಎಂಬುದು ಅದರ ಮುಂದೆ ಬಂದ ಪ್ರಶ್ನೆಯಾಗಿರಲಿಲ್ಲ.

ಹಾಗಿದ್ದರೆ ರೇಸನ್ನೇಕೆ ಬಿಟ್ಟಿರಿ ಎಂದು ಆಪ್ ಕಂಪನಿಗಳು ಕೇಳುವುದು ನ್ಯಾಯವೇ. ರೇಸ್‌ಕೋರ್ಸಿನಲ್ಲಿ ಮನೆ ಮಾರಿದವರೂ ಇದ್ದಾರೆ. ಉತ್ತರದ ಒಂದು ಭಾಗ 1952ರ ರೇಸ್‌ಕೋರ್ಸ್ ಲೈಸೆನ್ಸಿಂಗ್ ಕಾಯ್ದೆಯಲ್ಲಿದೆ: ಗೊತ್ತಾದ ಜಾಗ, ಗೊತ್ತಾದ ದಿನ, ಷರತ್ತು ಮುರಿದರೆ ಹೊಣೆಗೆ ಸಿಗುವ ಕ್ಲಬ್. ಇನ್ನೊಂದು ಭಾಗ ತೆರಿಗೆಯ ಆಸೆ. ಬೊಕ್ಕಸಕ್ಕೆ ಪಾಲು ಬರುವ ಜೂಜಿನ ಬಗ್ಗೆ ಸರ್ಕಾರಗಳ ನೈತಿಕ ಸಿಟ್ಟು ಯಾವಾಗಲೂ ಸ್ವಲ್ಪ ಮೃದು.

ಕೇಂದ್ರದ ಕಾಯ್ದೆಯ ವಿರುದ್ಧದ ಅರ್ಜಿಗಳು ಸುಪ್ರೀಂ ಕೋರ್ಟಿಗೆ ಹೋಗಿವೆ. ಅಲ್ಲಿಯ ತೀರ್ಪು ಮುಂದಿನ ಮಾತನ್ನು ಹುಸಿ ಮಾಡಬಹುದು. ಈಗಿನ ಮಟ್ಟಿಗೆ, ಕ್ರಿಕೆಟ್ ಬೆಟ್ಟಿಂಗ್ ನಿಷೇಧದೊಳಗೇ ಇರಲಿ ಎನಿಸುತ್ತದೆ: ಅಲ್ಲಿ ಕಟ್ಟುವವರ ಹಣದ ಜೊತೆ ಪಂದ್ಯದ ಪ್ರಾಮಾಣಿಕತೆಯೂ ಪಣಕ್ಕಿರುತ್ತದೆ. ವಿದೇಶಿ ತಾಣ ಮತ್ತು ಹಣ ಪಾವತಿಯ ದಾರಿಯನ್ನು ಕೇಂದ್ರ ಕಾಯಲಿ. ರಮ್ಮಿಯಂಥ ಆಟಗಳಿಗೆ ಮಾತ್ರ, 1952ರ ಮಾದರಿಯಲ್ಲಿ, ವಯಸ್ಸು, ವೇಳೆ, ತಿಂಗಳಿಗಿಷ್ಟೇ ಹಣ ಎಂಬ ಷರತ್ತಿನ ಲೈಸೆನ್ಸ್ ಕೊಡುವ ಅಧಿಕಾರ ರಾಜ್ಯಕ್ಕೆ ಮರಳಬಹುದು. ಆ ಮಿತಿ ಎಷ್ಟಿರಬೇಕೆಂಬ ತೊಡಕು ಉಳಿಯುತ್ತದೆ. ತಿಂಗಳಿಗೆ ಎರಡು ಸಾವಿರವೆಂದರೆ ದೇವರಾಜ ಅರಸ್ ರಸ್ತೆಯ ಅಂಗಡಿ ಮಾಲೀಕರಿಗೆ ಚಿಲ್ಲರೆ, ಮಾರ್ಕೆಟ್ಟಿನ ಹಮಾಲಿಗೆ ಹಲವು ದಿನದ ಕೂಲಿ. ಮಿತಿಯನ್ನು ಹಮಾಲಿಯ ಲೆಕ್ಕಕ್ಕೆ ಇಳಿಸಿಡುವುದೇ ಸುರಕ್ಷಿತ, ಕಂಪನಿಗಳು ಅದನ್ನು ಒಪ್ಪದಿದ್ದರೂ.