ಕ್ಯಾನ್ ನೀರು ಕೊಂಡರೆ ಮುಗಿಯಿತೇ?

ಕರಾವಳಿಯಲ್ಲಿ ಹುಟ್ಟಿದವರಿಗೆ ನೀರೆಂದರೆ ಬಾವಿ. ಬಂಟ್ವಾಳವಿರಲಿ, ಪುತ್ತೂರಿರಲಿ, ಉಳ್ಳಾಲವಿರಲಿ, ಮನೆಯ ಹಿತ್ತಿಲಲ್ಲಿ ಒಂದು ಬಾವಿ ಇರುತ್ತದೆ. ನೀರು ಕೆಂಪಾದರೆ ಉಮ್ಮನಿಗೆ ಮೊದಲು ಗೊತ್ತಾಗುತ್ತದೆ. ಕೆಸರು ತೆಗೆಸುವುದು, ಸುಣ್ಣ ಹಾಕಿಸುವುದು ಮನೆಯವರದ್ದೇ ಕೆಲಸ. ಆದರೆ ವ್ಯಾಪಾರಕ್ಕೆಂದು ಘಟ್ಟ ಹತ್ತಿ ಬಯಲುಸೀಮೆಗೆ ಬಂದ ಬ್ಯಾರಿಗಳಿಗೆ ಈ ಭಾಗ್ಯವಿಲ್ಲ. ಮಂಗಳೂರಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆಯಾದರೆ ಕರ್ನೂಲು ಜಿಲ್ಲೆಯ ಈ ಪಶ್ಚಿಮ ಭಾಗದಲ್ಲಿ 600ರ ಆಸುಪಾಸು. ಬೋರ್‌ವೆಲ್ ಕೊರೆದರೂ ಬರುವುದು ಸವಳು ನೀರು. ಹಾಗಾಗಿ ಎಮ್ಮಿಗನೂರಿನಲ್ಲಾಗಲಿ ಆದೋನಿಯಲ್ಲಾಗಲಿ ಕುಡಿಯುವ ನೀರಿಗೆ ಜನ ಕಾಯುವುದು ನಲ್ಲಿಯನ್ನು.

ನನ್ನ ಉಪ್ಪ ಎಮ್ಮಿಗನೂರಿನಲ್ಲಿ ಅಂಗಡಿ ಇಟ್ಟವರು. ನಾನು ಓದಿದ್ದು ಮೆಕ್ಯಾನಿಕಲ್ ಡಿಪ್ಲೊಮಾ. ಪಂಪು, ವಾಲ್ವು, ಪೈಪುಗಳ ಬಗ್ಗೆ ಅಷ್ಟಿಷ್ಟು ತಿಳಿದವನಾಗಿ ನಮ್ಮವರ ಹತ್ತಿರ ಒಂದು ಮಾತು ಹೇಳಬೇಕೆನಿಸಿತು. ನಲ್ಲಿ ನೀರಿನ ವಿಷಯ ಬಂದಾಗಲೆಲ್ಲ ನಮ್ಮಲ್ಲಿ ಹೆಚ್ಚಿನವರು "ನಾವು ಕ್ಯಾನ್ ನೀರು ತರಿಸುತ್ತೇವೆ, ನಮಗೇನು" ಎನ್ನುತ್ತಾರೆ. ಈ ಉತ್ತರ ಸಾಲದು ಎನ್ನುವುದು ನನ್ನ ವಾದ.

ಮೊದಲು ಈ ನೀರು ಬರುವ ದಾರಿ ನೋಡೋಣ. ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಿಂದ ಹೊರಡುವ ಕೆಳಮಟ್ಟದ ಕಾಲುವೆಯನ್ನು ಇಲ್ಲಿ ಎಲ್ಲರೂ ಎಲ್‌ಎಲ್‌ಸಿ ಎನ್ನುತ್ತಾರೆ. ಅದು ಸುಮಾರು 250 ಕಿಲೋಮೀಟರ್ ಕರ್ನಾಟಕದೊಳಗೇ ಹರಿದು, ಬಳ್ಳಾರಿ ಜಿಲ್ಲೆ ದಾಟಿ ಆಂಧ್ರದೊಳಗೆ ಬರುತ್ತದೆ. ಕಾಲುವೆಯಲ್ಲಿ ವರ್ಷವಿಡೀ ನೀರಿರುವುದಿಲ್ಲ. ಇದ್ದಾಗ ದೊಡ್ಡ ಕೆರೆಗಳಿಗೆ ತುಂಬಿಸಿಟ್ಟು ಬೇಸಿಗೆ ಕಳೆಯಬೇಕು. ಅಂಥ ಕೆರೆಗೆ ಇಲ್ಲಿ ಎಸ್‌ಎಸ್ ಟ್ಯಾಂಕ್ ಎಂದು ಹೆಸರು. ಅಲ್ಲಿಂದ ಫಿಲ್ಟರ್, ಕ್ಲೋರಿನ್, ಓವರ್‌ಹೆಡ್ ಟ್ಯಾಂಕ್, ಆಮೇಲೆ ಬೀದಿಯ ಪೈಪ್. ರಾಜಸ್ಥಾನದ ಮರುಭೂಮಿಯ ಊರುಗಳ ಕಥೆಯೂ ಇದೇ. ಅಲ್ಲಿಗೆ ಪಂಜಾಬಿನ ಹರಿಕೆಯಿಂದ ಇಂದಿರಾ ಗಾಂಧಿ ಕಾಲುವೆ ನೀರು ತರುತ್ತದೆ. ಲುಧಿಯಾನದ ಕೊಳೆ ಬುಡ್ಡಾ ನಾಲೆಯ ಮೂಲಕ ಸಟ್ಲೆಜ್ ಸೇರಿ, ಅದೇ ನೀರಿನೊಂದಿಗೆ ಕೆಳಗೆ ಬರುತ್ತದೆ ಎಂಬುದು ಗಂಗಾನಗರ ಕಡೆಯವರ ಹಳೆಯ ದೂರು. ಒಣ ಸೀಮೆಯವರು ದೂರದ ನೀರು ಕುಡಿಯುತ್ತಾರೆ. ದಾರಿ ಉದ್ದವಾದಷ್ಟೂ ಕಾಯಬೇಕಾದ ಜಾಗಗಳು ಹೆಚ್ಚು.

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. 2021ರ ಏಪ್ರಿಲ್‌ನಲ್ಲಿ ಆಗ ಇದೇ ಕರ್ನೂಲು ಜಿಲ್ಲೆಯಲ್ಲಿದ್ದ ಗೋರುಕಲ್ಲು ಗ್ರಾಮದಲ್ಲೂ ಆದೋನಿಯ ಅರುಣಜ್ಯೋತಿ ನಗರದಲ್ಲೂ ವಾಂತಿಭೇದಿ ಹರಡಿ ಜನ ಸತ್ತರು. ಅದೇ ವರ್ಷ ಹೂವಿನಹಡಗಲಿ ತಾಲೂಕಿನ ಮಕರಬ್ಬಿಯಲ್ಲಿ ಸಾವುಗಳಾದವು. 2022ರ ಮೇ ಕೊನೆಯಲ್ಲಿ ರಾಯಚೂರು ನಗರದ ಸರದಿ. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ ಇರುವ ಊರಿನಲ್ಲಿ ನಲ್ಲಿ ನೀರು ಕುಡಿದು ನೂರಾರು ಮಂದಿ ಆಸ್ಪತ್ರೆ ಸೇರಿದರು, ಕನಿಷ್ಠ ಐದು ಮಂದಿ ತೀರಿಕೊಂಡರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿ. 2025ರ ಡಿಸೆಂಬರ್ ಕೊನೆಗೆ ಇಂದೋರಿನ ಭಾಗೀರಥಪುರ. ವರ್ಷ ವರ್ಷವೂ ದೇಶದ ಅತಿ ಸ್ವಚ್ಛ ನಗರವೆಂದು ಪ್ರಶಸ್ತಿ ಪಡೆದ ಊರು ಅದು. ಅಲ್ಲಿ ಕುಡಿಯುವ ನೀರಿನ ಮುಖ್ಯ ಪೈಪಿನ ಮೇಲೆಯೇ ಶೌಚಾಲಯವೊಂದು ಇತ್ತೆಂದು ಆಮೇಲೆ ಗೊತ್ತಾಯಿತು.

ಪ್ರತಿ ಸಲವೂ ಒಂದೇ ಕ್ರಮ. ಸಾವಾಗುತ್ತದೆ, ಮಂತ್ರಿ ಬರುತ್ತಾರೆ, ಯಾರನ್ನೋ ಅಮಾನತು ಮಾಡುತ್ತಾರೆ, ಪರಿಹಾರ ಘೋಷಿಸುತ್ತಾರೆ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿಯುತ್ತಾರೆ. ನೆಲದಡಿಯ ಪೈಪಿನ ಬಗ್ಗೆ ಮಾತ್ರ ಯಾರೂ ಮಾತಾಡುವುದಿಲ್ಲ. ಆದರೆ ಫಿಲ್ಟರ್ ಹೌಸಿನಲ್ಲಿ ಒಳ್ಳೆಯದಾಗಿಯೇ ಹೊರಟ ನೀರು ಕೂಡ ಕೆಡುವುದು ಹೆಚ್ಚಾಗಿ ಈ ಪೈಪಿನಲ್ಲೇ.

ಕಾರಣ ಸರಳ. ಪೈಪಿನ ತುಂಬ ಒತ್ತಡದಲ್ಲಿ ನೀರಿದ್ದರೆ, ಎಲ್ಲಾದರೂ ತೂತಿದ್ದರೂ ನೀರು ಹೊರಗೆ ಚಿಮ್ಮುತ್ತದೆ. ಹೊರಗಿನ ಕೊಳೆ ಒಳಗೆ ಬರಲಾರದು. ಆದರೆ ನಮ್ಮ ಕಡೆಯ ಊರುಗಳಲ್ಲಿ ನೀರು ಬಿಡುವುದು ದಿನ ಬಿಟ್ಟು ದಿನ, ಎರಡು ದಿನಕ್ಕೊಮ್ಮೆ, ಬೇಸಿಗೆಯಲ್ಲಿ ಇನ್ನೂ ತಡವಾಗಿ. ಬಿಟ್ಟರೂ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ಪೈಪ್ ಖಾಲಿ. ನೀರು ನಿಂತ ಕೂಡಲೇ ತಗ್ಗಿನ ಮನೆಗಳ ಕಡೆಗೆ ಉಳಿದ ನೀರು ಇಳಿದುಹೋಗುತ್ತದೆ, ಎತ್ತರದ ಭಾಗದ ಪೈಪಿನೊಳಗೆ ಹೀರುವ ಶಕ್ತಿ ಹುಟ್ಟುತ್ತದೆ. ಆ ಪೈಪಿನ ಪಕ್ಕದಲ್ಲೇ ಮೋರಿ ಹರಿಯುತ್ತಿದ್ದರೆ, ತುಕ್ಕು ಹಿಡಿದ ಜಾಯಿಂಟಿನಿಂದ ಮೋರಿಯ ನೀರು ಒಳಗೆ ಬಂದು ಕೂರುತ್ತದೆ. ಮರುದಿನ ನೀರು ಬಿಟ್ಟಾಗ ಮೊದಲ ಕೊಡದಲ್ಲಿ ಬರುವುದು ಅದೇ.

ಇದಕ್ಕೆ ಮೇಲೊಂದು ಒಗ್ಗರಣೆ, ನಲ್ಲಿ ಲೈನಿಗೇ ನೇರವಾಗಿ ಜೋಡಿಸುವ ಅರ್ಧ ಎಚ್‌ಪಿ ಮೋಟಾರ್. ನೀರು ಸಣ್ಣಗೆ ಬರುತ್ತದೆಂದು ಒಬ್ಬರು ಹಾಕುತ್ತಾರೆ. ಆಗ ಪಕ್ಕದ ಮನೆಗೆ ಬರುವ ನೀರು ಇನ್ನೂ ಸಣ್ಣದಾಗುತ್ತದೆ, ಅವರೂ ಹಾಕುತ್ತಾರೆ. ಕೊನೆಗೆ ಬೀದಿಯಲ್ಲಿ ಮೋಟಾರ್ ಇಲ್ಲದ ಬಡವರ ಮನೆಗೆ ಹನಿಯೂ ಇಲ್ಲ. ಪಂಪಿಗೆ ಶುದ್ಧ ನೀರು, ಮೋರಿ ನೀರು ಎಂಬ ಭೇದವಿಲ್ಲ. ಲೈನಿನಲ್ಲಿ ನೀರು ಸಾಲದಾದರೆ ತೂತಿನ ಕಡೆಯಿಂದ ಎಳೆಯುತ್ತದೆ. ನೀರು ಬಿಟ್ಟ ಹೊತ್ತಿನಲ್ಲೂ ಪೈಪನ್ನು ಹೀರುಗೊಳವೆ ಮಾಡುವುದು ಈ ಮೋಟಾರ್.

ಇದು ಬರೀ ಡಿಪ್ಲೊಮಾದ ಪುಸ್ತಕದ ಮಾತಲ್ಲ. 2008ರಲ್ಲಿ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವು ವಾರ್ಡುಗಳಲ್ಲಿ 24 ಗಂಟೆ ನೀರು ಕೊಡುವ ಪ್ರಯೋಗ ಶುರುವಾಯಿತು. ಹುಬ್ಬಳ್ಳಿ-ಧಾರವಾಡದಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಎರಡೂ ಬಗೆಯ ನಲ್ಲಿಗಳ ನೀರನ್ನು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ನಲ್ಲಿಗಳ ಮಾದರಿಗಳಲ್ಲಿ ನೂರಕ್ಕೆ ಮೂವತ್ತಕ್ಕೂ ಹೆಚ್ಚಿನವುಗಳಲ್ಲಿ ಇ-ಕೊಲಿ ಸಿಕ್ಕಿತು. ನೀರಿಗೆ ಮಲ ಸೇರಿದೆ ಎಂದು ತೋರಿಸುವ ಬ್ಯಾಕ್ಟೀರಿಯಾ ಅದು. ನಿರಂತರ ನೀರಿನ ನಲ್ಲಿಗಳಲ್ಲಿ ಅದು ಸಿಕ್ಕಿದ್ದು ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಊರು ಒಂದೇ. ವ್ಯತ್ಯಾಸವಿದ್ದದ್ದು ಪೈಪಿನಲ್ಲಿ, ಅದು ತುಂಬಿತ್ತೋ ಖಾಲಿಯಿತ್ತೋ ಎಂಬುದರಲ್ಲಿ.

"ರಾಯಲಸೀಮೆಯಲ್ಲಿ 24 ಗಂಟೆ ನೀರೆಲ್ಲಿಂದ ತರುವುದು" ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹುಬ್ಬಳ್ಳಿ ಕಡೆಯ ಯೋಜನೆಗೂ ಮೀಟರ್ ಬರುತ್ತದೆ, ನೀರು ಖಾಸಗಿಯವರ ಪಾಲಾಗುತ್ತದೆ ಎಂದು ವಿರೋಧ ಬಂದಿತ್ತು, ಆ ಆತಂಕವೂ ಸುಳ್ಳಲ್ಲ. ನಾನು ನಾಳೆಯೇ 24 ಗಂಟೆ ನೀರು ಕೊಡಿ ಎನ್ನುತ್ತಿಲ್ಲ. ಇರುವ ನೀರನ್ನೇ ಒಂದೊಂದು ಭಾಗಕ್ಕೆ ಸರದಿಯಲ್ಲಿ, ಕೊನೆಯ ಮನೆಗೂ ಮೋಟಾರ್ ಇಲ್ಲದೆ ಏರುವಷ್ಟು ಒತ್ತಡದಲ್ಲಿ ಬಿಡಬಹುದು. ಮೋರಿಯೊಳಗಿನಿಂದ ಹಾದುಹೋಗುವ ಪೈಪುಗಳನ್ನು ಮೊದಲು ಬದಲಿಸಬಹುದು. ಸೋರಿಕೆ ನಿಂತರೆ ಉಳಿಯುವ ನೀರೂ ನಮ್ಮದೇ.

ಈಗ ಕ್ಯಾನ್ ನೀರಿಗೆ ಬರೋಣ. ಆರ್‌ಒ ಮಾರುವವರು ಅಂಗಡಿಗೆ ಬಂದು ಟಿಡಿಎಸ್ ಮೀಟರ್ ಅದ್ದಿ ಹೆದರಿಸುತ್ತಾರೆ. ಆ ಮೀಟರ್ ಹೇಳುವುದು ನೀರಿನಲ್ಲಿ ಕರಗಿದ ಲವಣ ಎಷ್ಟು ಎಂಬುದನ್ನು ಮಾತ್ರ. ಕಾಲರಾ ಇರುವ ನೀರಿನಲ್ಲೂ ಟಿಡಿಎಸ್ ಕಡಿಮೆ ಬರಬಹುದು. ಇನ್ನು ಕೆಲವರು ಎರಡು ಸರಳುಗಳನ್ನು ಅದ್ದಿ ಕರೆಂಟ್ ಕೊಟ್ಟು, ನೀರು ಕಂದು ಬಣ್ಣಕ್ಕೆ ತಿರುಗಿದ್ದನ್ನು ತೋರಿಸುತ್ತಾರೆ. ಆ ಬಣ್ಣ ಬರುವುದು ಸರಳಿನ ಕಬ್ಬಿಣದಿಂದ. ಆರ್‌ಒ ನೀರಿನಲ್ಲಿ ಲವಣ ಕಡಿಮೆ ಇರುವುದರಿಂದ ಕರೆಂಟ್ ಹರಿಯುವುದಿಲ್ಲ, ಬಣ್ಣವೂ ಬರುವುದಿಲ್ಲ, ಅಷ್ಟೇ. ಸವಳು ನೀರಿಗೆ ಆರ್‌ಒ ಬೇಕು ನಿಜ, ಕಾಲುವೆಯ ನೀರಿಗೆ ಅದು ಯಾವಾಗಲೂ ಬೇಕಿಲ್ಲ. ಒಂದು ಲೀಟರ್ ಕೊಡಲು ಎರಡು ಮೂರು ಲೀಟರ್ ಮೋರಿಗೆ ಬಿಡುವ ಯಂತ್ರ ನೀರಿಲ್ಲದ ಸೀಮೆಗೆ ದುಬಾರಿ. ಆರ್‌ಒ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಹಾಗಾಗಿ ಸರಿಯಾಗಿ ತೊಳೆಯದ ಕ್ಯಾನಿಗೆ ತುಂಬಿದರೆ ಅದೂ ಕೆಡುತ್ತದೆ. ಸೀಲ್ ಇಲ್ಲದ, ಲೈಸೆನ್ಸ್ ನಂಬರ್ ಇಲ್ಲದ ಕ್ಯಾನಿನ ಮೇಲೆ ಅಷ್ಟೊಂದು ನಂಬಿಕೆ ಯಾಕೆ?

ಒಂದು ಮಾತು ಕೊಂಚ ಕಹಿ ಎನಿಸಬಹುದು. ಕ್ಯಾನ್ ಕೊಳ್ಳುವವರು ಕುಡಿಯಲಷ್ಟೇ ಕೊಳ್ಳುತ್ತಾರೆ. ಮಕ್ಕಳು ಬಾಯಿ ಮುಕ್ಕಳಿಸುವುದು, ಮೀನು ತೊಳೆಯುವುದು, ಪಳ್ಳಿಯಲ್ಲಿ ವುಝೂ ಮಾಡುವುದು, ಜ್ಯೂಸ್ ಅಂಗಡಿಯಲ್ಲಿ ಗ್ಲಾಸ್ ತೊಳೆಯುವುದು ನಲ್ಲಿ ನೀರಿನಲ್ಲೇ. ಜನವರಿಯ ನೀಲಕಂಠೇಶ್ವರ ಜಾತ್ರೆಗೆ ಸುತ್ತಲ ಹಳ್ಳಿಗಳೆಲ್ಲ ಎಮ್ಮಿಗನೂರಿಗೆ ಬಂದಾಗ ಚಹಾದಂಗಡಿಗಳಲ್ಲಿ ಅವರು ಕುಡಿಯುವುದೂ ಊರಿನ ನೀರನ್ನೇ. ಇನ್ನೊಂದು, ಊರಿನಲ್ಲಿ ಮಾತು ನಡೆಯುವವರೆಲ್ಲ ಕ್ಯಾನಿಗೆ ಹೋದರೆ ನಲ್ಲಿಯ ಬಗ್ಗೆ ಕೇಳಲು ಉಳಿಯುವವರು ಕೇಳಿಸಿಕೊಳ್ಳದವರ ಮುಂದೆ ನಿಲ್ಲುವ ಬಡವರು. ಗೋರುಕಲ್ಲಿನಲ್ಲಿ, ಕವಾಡಿಗರಹಟ್ಟಿಯಲ್ಲಿ ಸತ್ತವರು ಕ್ಯಾನ್ ತರಿಸುವವರಾಗಿರಲಿಲ್ಲ.

ಹಾಗಾದರೆ ಮಾಡುವುದೇನು? ಮನೆ ಅಂಗಡಿಗಳಲ್ಲಿ ಮಾಡಬಹುದಾದದ್ದು ಸುಲಭ. ಮೋಟಾರನ್ನು ಲೈನಿನಿಂದ ಬಿಡಿಸಿ. ನೆಲಮಟ್ಟದಲ್ಲಿ ಸಣ್ಣದೊಂದು ಸಂಪ್ ಕಟ್ಟಿಸಿ, ಫ್ಲೋಟ್ ವಾಲ್ವ್ ಹಾಕಿ, ನೀರು ತಾನಾಗಿ ಅದಕ್ಕೆ ಬೀಳಲಿ, ಮೋಟಾರ್ ಸಂಪಿನಿಂದ ಎತ್ತಲಿ. ಒಬ್ಬರೇ ಮಾಡಿದರೆ ಅವರಿಗೆ ನಷ್ಟ, ಬೀದಿಯವರೆಲ್ಲ ಒಂದೇ ದಿನ ಬಿಡಿಸಿದರೆ ಎಲ್ಲರಿಗೂ ಲಾಭ. ನೀರು ಬಿಟ್ಟಾಗ ಮೊದಲ ಕೆಲವು ಕೊಡಗಳನ್ನು ಕುಡಿಯಲು ಹಿಡಿಯಬೇಡಿ, ನೆಲ ತೊಳೆಯಲು ಬಳಸಿ. ಸಂಪಿನ 1,000 ಲೀಟರ್ ನೀರಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ ಸುಮಾರು 2.5 ಗ್ರಾಂ ಸಾಕು. ಬಕೆಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿಯನ್ನಷ್ಟೇ ಹಾಕಿ ಒಂದು ಗಂಟೆ ಬಿಡಿ. ಕುಡಿಯುವ ನೀರಿನ ಪಾತ್ರೆಗೆ ಮುಚ್ಚಳವಿರಲಿ, ಕೈ ಅದ್ದದೆ ಹಿಡಿಯಿರುವ ಸೌಟಿನಲ್ಲಿ ತೆಗೆಯಿರಿ. ಸಂಶಯ ಬಂದರೆ ಕುದಿಸಿ. ವಾಂತಿಭೇದಿ ಶುರುವಾದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕಲಸಿ ಗುಟುಕು ಗುಟುಕಾಗಿ ಕುಡಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಇಷ್ಟು ಮಾಡಿದರೂ ಪೈಪ್ ಸರಿಯಾಗುವುದಿಲ್ಲ, ಅದಕ್ಕೆ ಕೇಳಲೇಬೇಕು. ಏನು ಕೇಳಬೇಕೆಂದು ಸ್ಪಷ್ಟವಿದ್ದರೆ ಉತ್ತರ ತಪ್ಪಿಸಿಕೊಳ್ಳುವುದು ಕಷ್ಟ. "ನೀರು ಚೆನ್ನಾಗಿಲ್ಲ" ಎಂದರೆ "ನೋಡುತ್ತೇವೆ" ಎನ್ನುತ್ತಾರೆ. ಬದಲಿಗೆ ಒಂದು ಅಂಕಿ ಕೇಳಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ನಲ್ಲಿಯಲ್ಲಿ ಉಳಿದಿರುವ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಟ್ಯಾಂಕಿನ ಬುಡದಲ್ಲಿ ಇದ್ದರೆ ಸಾಲದು, ಬೀದಿಯ ಕೊನೆಯ ಮನೆಯ ನಲ್ಲಿಯಲ್ಲಿ ಇರಬೇಕು. ಅಲ್ಲಿ ಸೊನ್ನೆ ಬಂದರೆ ದಾರಿಯಲ್ಲಿ ಏನೋ ಸೇರಿದೆ ಎಂದು ಸಂಶಯಪಡಬೇಕು. ಪರೀಕ್ಷೆಗೆ ಬೇಕಾದದ್ದು ಕೆಲವು ಹನಿ ದ್ರಾವಣ, ಒಂದು ಗಾಜಿನ ನಳಿಗೆ. ಹಳದಿ ಬಣ್ಣ ಬಂದರೆ ಕ್ಲೋರಿನ್ ಇದೆ, ಬಾರದಿದ್ದರೆ ಇಲ್ಲ. ಮದ್ರಸದ ಮಕ್ಕಳಿಗೂ ಕಲಿಸಬಹುದಾದ ಕೆಲಸ. ಅಂಥದ್ದೊಂದು ಕಿಟ್ ತರಿಸಿಡುವುದು ಯಾವ ಜಮಾಅತಿಗೂ, ಯಾವ ವ್ಯಾಪಾರಿ ಸಂಘಕ್ಕೂ ಭಾರವಲ್ಲ.

ಆಂಧ್ರದಲ್ಲಿ 2019ರಿಂದ ವಾರ್ಡ್ ಸಚಿವಾಲಯಗಳಿವೆ, ನೀರು ಚರಂಡಿಗಳಂಥ ಸೌಕರ್ಯ ನೋಡಿಕೊಳ್ಳಲು ಅಲ್ಲೊಬ್ಬರು ಕಾರ್ಯದರ್ಶಿ ಇರುತ್ತಾರೆ. ನೀರು ಬಿಟ್ಟ ದಿನ ಕೊನೆಯ ನಲ್ಲಿಯ ಕ್ಲೋರಿನ್ ಎಷ್ಟಿತ್ತೆಂದು ಅಲ್ಲಿನ ಬೋರ್ಡಿನ ಮೇಲೆ ಬರೆಯಿರಿ ಎಂದು ಬರವಣಿಗೆಯಲ್ಲಿ ಕೇಳೋಣ. ಕರ್ನಾಟಕದಲ್ಲಿರುವವರು ತಮ್ಮ ಪಟ್ಟಣ ಪಂಚಾಯಿತಿ, ನಗರಸಭೆಗಳಲ್ಲಿ ಕೇಳಲಿ. ನಾವು ಅಳೆದ ಅಂಕಿಯನ್ನೂ ಜೊತೆಗಿಡೋಣ. ತೆಲುಗು, ಕನ್ನಡ, ಉರ್ದು ಎಲ್ಲ ಮಾತಾಡುವ ಬೀದಿಯವರು ಒಟ್ಟಿಗೆ ಸಹಿ ಹಾಕಿದರೆ ಇನ್ನೂ ಒಳ್ಳೆಯದು. ನೀರಿನ ಲೈನ್ ಯಾರ ಮನೆಗೂ ಬೇರೆಯಾಗಿ ಬರುವುದಿಲ್ಲ.

ಬ್ಯಾರ ಎಂದರೆ ವ್ಯಾಪಾರ, ಅದರಿಂದಲೇ ನಮಗೆ ಬ್ಯಾರಿ ಎಂಬ ಹೆಸರು ಬಂತೆಂದು ಹಿರಿಯರು ಹೇಳುತ್ತಾರೆ. ಅಳತೆ ಮಾಡದೆ ಸಾಮಾನು ಕೊಳ್ಳುವ ವ್ಯಾಪಾರಿ ಇಲ್ಲ. ಹತ್ತು ಕಿಲೋ ಅಕ್ಕಿಯಲ್ಲಿ ನೂರು ಗ್ರಾಂ ಕಡಿಮೆಯಾದರೆ ತಕ್ಕಡಿ ಹತ್ತಿರ ನಿಂತು ಕೇಳುವವರು ನಾವು. ನೀರಿನ ತೆರಿಗೆ ಕಟ್ಟಿದ ಮೇಲೆ ನಲ್ಲಿಯ ಮುಂದೆಯೂ ಹಾಗೆಯೇ ನಿಲ್ಲೋಣ, ಕೈಯಲ್ಲಿ ಆ ಗಾಜಿನ ನಳಿಗೆ ಹಿಡಿದು.